ಕೆಂಪು ಕಾಗದ ಸುತ್ತಿದ ದೀಪ

ಬೆಳಕು ಬಿದ್ದರೆ ಕೆಲವು ಲೋಹಗಳೊಳಗಿನ ಎಲೆಕ್ಟ್ರಾನುಗಳು ಹೊರಗೆ ನೆಗೆಯುತ್ತವೆ. ಇದಕ್ಕೆ ದ್ಯುತಿವಿದ್ಯುತ್ ಪರಿಣಾಮ ಎಂದು ಹೆಸರು. ದೊಡ್ಡಬಳ್ಳಾಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಇದನ್ನು ಮೂರು ವರ್ಷ ಪಾಠ ಮಾಡಿದ್ದೆ, ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಕಂಡವನ ಹಾಗೆ ಮಾತಾಡುತ್ತಿದ್ದೆ, ಅಷ್ಟೆ. ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿ ‘ಫೋಟೋಸೆಲ್’ ಎಂದು ಚೀಟಿ ಅಂಟಿಸಿದ ಪೆಟ್ಟಿಗೆಯೊಂದಿತ್ತು. ಬೀರುವಿನ ಬೀಗದ ಕೈ ಮಾತ್ರ ಹಿಂದಿನ ಲೆಕ್ಚರರ ಜೊತೆಯಲ್ಲೇ ವರ್ಗವಾಗಿ ಹೋಗಿತ್ತು. ಹಾಗಾಗಿ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಬೀರುವಿನ ಮುಂದೆ ಸಾಲಾಗಿ ನಿಲ್ಲಿಸಿ, ಗಾಜಿನ ಆಚೆಗೆ ಬೆರಳು ತೋರಿಸಿ, ಆ ಪೆಟ್ಟಿಗೆಯೊಳಗೆ ಏನೇನು ನಡೆಯಬಹುದಿತ್ತು ಎಂದು ವಿವರಿಸುತ್ತಿದ್ದೆ.

ಈ ಪಾಠದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬೆಳಕು ಜೋರಾದಷ್ಟೂ ಎಲೆಕ್ಟ್ರಾನು ಸುಲಭವಾಗಿ ಹೊರಬರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಬೆಳಕು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಕೆಂಪು ಬೆಳಕಿನ ಪೊಟ್ಟಣದಲ್ಲಿ ಬಲ ಕಡಿಮೆ, ನೇರಳೆಯದರಲ್ಲಿ ಹೆಚ್ಚು. ಬಲ ಸಾಲದ ಪೊಟ್ಟಣಗಳನ್ನು ಕೋಟಿಗಟ್ಟಲೆ ಸುರಿದರೂ ಎಲೆಕ್ಟ್ರಾನು ಜಪ್ಪಯ್ಯ ಅನ್ನುವುದಿಲ್ಲ. ನಾನು ಅನುಗೊಂಡನಹಳ್ಳಿಯ ರೈತರ ಮನೆಯವನು, ನನಗೆ ತೋಚುವ ಉದಾಹರಣೆಗಳೂ ಮರಗಿಡದವೇ. ನಲ್ಲೂರಿನ ತೋಪಿನ ಹಳೆಯ ಹುಣಸೆಮರವೊಂದರ ಕೆಳಗೆ ನಿಂತು ಮೂಟೆಗಟ್ಟಲೆ ಅಕ್ಕಿಕಾಳು ಎಸೆದರೂ ಒಂದು ಹುಣಸೆಹಣ್ಣು ಬೀಳುವುದಿಲ್ಲ, ಬೀಳಬೇಕಾದರೆ ಒಂದು ಕಲ್ಲು ಬೇಕು, ಅಕ್ಕಿ ಸಾಲದೆಂದು ಇನ್ನೊಂದು ಮೂಟೆ ತರುವವನು ಶತಮೂರ್ಖ ಎಂದು ಹೇಳುತ್ತಿದ್ದೆ. ಶತಮೂರ್ಖ ಎಂಬ ಮಾತಿಗೆ ತರಗತಿ ನಗುತ್ತಿತ್ತು. ಆ ನಗೆಗಾಗಿಯೇ ಪ್ರತಿ ವರ್ಷ ಆ ಮಾತನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೆ.

ಆಗ ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇನ್ನೂ ಮದುವೆಯಾಗಿರಲಿಲ್ಲ. ನೇಕಾರರ ಬೀದಿಯೊಂದರಲ್ಲಿ, ಎರಡು ಪವರ್‌ಲೂಮ್ ಇದ್ದ ಮನೆಯ ಮುಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೆ. ಊಟವೂ ಅವರದ್ದೇ. ಮಗ್ಗ ಓಡುವಾಗ ನನ್ನ ಮೇಜಿನ ಮೇಲಿನ ಪೆನ್ನು ತಾನಾಗಿಯೇ ಅಂಚಿಗೆ ನಡೆದು ಕೆಳಗೆ ಬೀಳುತ್ತಿತ್ತು. ಮೊದಲ ತಿಂಗಳು ನಾನು ಹುಚ್ಚನಾಗುವುದೊಂದು ಬಾಕಿ. ಆಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ನಿದ್ದೆಯಿಂದ ಎಚ್ಚರವಾಗುವಷ್ಟು ಒಗ್ಗಿಹೋಯಿತು.

ಮನೆಯ ಯಜಮಾನರಿಗೆ ಅರವತ್ತರ ಹತ್ತಿರ ವಯಸ್ಸು. ಬೀದಿಯಲ್ಲಿ ಅವರ ಕಣ್ಣಿಗೆ ದೊಡ್ಡ ಹೆಸರಿತ್ತು. ನೇಯ್ದವನಿಗೂ ಕೊಳ್ಳುವ ವ್ಯಾಪಾರಿಗೂ ಸೀರೆಯ ತಪ್ಪಿನ ಬಗ್ಗೆ ಜಗಳ ಬಿದ್ದರೆ ಇಬ್ಬರೂ ಸೀರೆ ಹೊತ್ತುಕೊಂಡು ಇವರ ಜಗಲಿಗೆ ಬರುತ್ತಿದ್ದರು. ಯಜಮಾನರು ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಇಲ್ಲಿ ಒಂದೆಳೆ ಬಿಟ್ಟಿದೆ ಎಂದರೆ ಬಿಟ್ಟಿದೆ, ಇಲ್ಲ ಎಂದರೆ ಇಲ್ಲ. ಅದರ ಮೇಲೆ ಮಾತಿಲ್ಲ. ಜಗಲಿಯ ಮೇಲೆ ಅವರು ಕೂರುವ ರೀತಿಯಲ್ಲೇ ಜಡ್ಜ್‌ಗಿರಿ ಇತ್ತು.

ಅವರು ಅದೇ ಕಾಲದಲ್ಲಿ ಬಣ್ಣ ಹಾಕುವವನೊಬ್ಬನ ಜೊತೆ ಜಗಳ ಹೂಡಿದ್ದರು. ತಾನು ನೇರಳೆ ನೂಲು ಕೇಳಿದ್ದು, ಅವನು ಕಪ್ಪು ಕೊಟ್ಟಿದ್ದಾನೆ ಎಂಬುದು ತಕರಾರು. ನನ್ನ ಕಣ್ಣಿಗೆ ಅದು ಸಾಕ್ಷಾತ್ ನೇರಳೆಯಾಗಿತ್ತು. ಬೀದಿಯ ಎಲ್ಲರ ಕಣ್ಣಿಗೂ ನೇರಳೆಯೇ. ಆದರೆ ಯಜಮಾನರು ಕಪ್ಪು ಎಂದಮೇಲೆ ಅಲ್ಲವೆನ್ನುವ ಧೈರ್ಯ ಯಾರಿಗೆ? ಪಾಪ, ಆತ ಮೂರು ಸಲ ನೂಲು ವಾಪಸು ಒಯ್ದು ಮೂರು ಸಲ ಹೊಸದಾಗಿ ಬಣ್ಣ ಹಾಕಿ ತಂದ. ಮೂರನೆಯ ಸಲದ್ದು ಎಷ್ಟು ನೇರಳೆಯಾಗಿತ್ತೆಂದರೆ ನೋಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಅದನ್ನೂ ಕಪ್ಪೆಂದು ಬೈದು ಇಟ್ಟುಕೊಂಡು, ಕೊನೆಗೆ ಅದರಲ್ಲೇ ಒಂದು ಸೀರೆ ನೇಯ್ದು, ಅವನ ತಪ್ಪಿಗೆ ಸಾಕ್ಷಿಯಾಗಿರಲಿ ಎಂದು ಬೀರುವಿನಲ್ಲಿಟ್ಟರು.

ಒಂದು ಮಧ್ಯಾಹ್ನ ಯಜಮಾನರು ಬೆಂಗಳೂರಿನಿಂದ ರೈಲಿನಲ್ಲಿ ಗೋಣಿಚೀಲವೊಂದನ್ನು ಹೊತ್ತುತಂದರು. ಒಳಗೆ ಮುಚ್ಚಿಹೋದ ಯಾವುದೋ ಗಿರಣಿಯ ಗುಜರಿ ಸಾಮಾನು: ಒಂದು ದೀಪದ ಗೂಡು, ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ದುಂಡನೆಯ ಕಿಂಡಿ, ಒಳಗೆ ಗಾಜಿನ ಕೊಳವೆ. ಗುಜರಿಯವನು ಅದಕ್ಕೆ ‘ಎಲೆಕ್ಟ್ರಿಕ್ ಕಣ್ಣು’ ಎಂದು ಹೇಳಿ ಮಾರಿದ್ದ. ಕೊಳವೆಯೊಳಗಿನ ಲೋಹದ ಲೇಪ ನೋಡಿದ ಕೂಡಲೇ ಅದು ಫೋಟೋಸೆಲ್ ಎಂದು ಗುರುತು ಸಿಕ್ಕಿತು. ಬೀಗ ಹಾಕಿದ ಬೀರುವಿನಲ್ಲಿದ್ದ ವಸ್ತು ಇಲ್ಲಿ ನನ್ನ ಕೈಯಲ್ಲೇ ಇತ್ತು. ನೀವು ಫಿಸಿಕ್ಸ್ ಮೇಷ್ಟ್ರು, ಇದನ್ನು ಮಗ್ಗಕ್ಕೆ ಕಟ್ಟಿಕೊಡಿ ಎಂದು ಯಜಮಾನರು ಕೇಳಿದಾಗ, ಅಂಥದ್ದನ್ನು ದಿನಾ ಕಟ್ಟುವವನಂತೆ ತಲೆಯಾಡಿಸಿದೆ.

ಅದರ ಕೆಲಸ ಸರಳ. ಮಗ್ಗದಲ್ಲಿ ಅಡ್ಡನೂಲನ್ನು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ. ಲಾಳಿಯೊಳಗೆ ನೂಲು ಸುತ್ತಿದ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ. ಕಂಡಿಕೆಯ ನೂಲು ಮುಗಿದದ್ದು ಗೊತ್ತಾಗದೆ ಮಗ್ಗ ಓಡುತ್ತಲೇ ಇದ್ದರೆ ಬಟ್ಟೆಯಲ್ಲಿ ಅಡ್ಡ ಎಳೆ ತಪ್ಪುತ್ತದೆ. ಕಂಡಿಕೆಗೆ ಹೊಳೆಯುವ ತಗಡಿನ ಪಟ್ಟಿ ಸುತ್ತಿ, ಅದರ ಮೇಲೆ ನೂಲು ಸುತ್ತಬೇಕು. ನೂಲು ಮುಗಿದಾಗ ಪಟ್ಟಿ ಬಯಲಾಗಿ ದೀಪದ ಬೆಳಕನ್ನು ಪೆಟ್ಟಿಗೆಯ ಕಿಂಡಿಗೆ ಹೊಡೆಯುತ್ತದೆ. ಕೊಳವೆಯಲ್ಲಿ ಎಲೆಕ್ಟ್ರಾನು ಹೊರಡುತ್ತದೆ, ಸಣ್ಣ ಕರೆಂಟು ಹರಿಯುತ್ತದೆ, ಮಗ್ಗ ನಿಲ್ಲುತ್ತದೆ.

ಕಟ್ಟುವಾಗ ಯಜಮಾನರು ನನಗೆ ಸ್ಕ್ರೂ ಕೊಡುತ್ತಿದ್ದರು. ಒಂದು ಸ್ಕ್ರೂ ಕೆಳಗೆ ಬಿತ್ತು. ಅವರು ಕೂತು ನೆಲ ತಡಕಾಡತೊಡಗಿದರು. ಸ್ಕ್ರೂ ಅವರ ಎದುರಿಗೇ, ಗೇಣು ದೂರದಲ್ಲಿ ಹೊಳೆಯುತ್ತಿತ್ತು. ನಾನು ನೋಡುತ್ತಿರುವುದು ಗೊತ್ತಾಗಿ ಅವರು ತಡಕುವುದನ್ನು ನಿಲ್ಲಿಸಿದರು. ಹೆಂಡತಿ ಒಳಗಿದ್ದಾರೆಯೇ ಎಂದು ಕಿವಿಗೊಟ್ಟು ಖಾತ್ರಿ ಮಾಡಿಕೊಂಡರು.

“ಎರಡು ಕಣ್ಣಿಗೂ ಪೊರೆ ಬಂದೈತೆ ಕಣಪ್ಪ. ಕಂಡಿಕೇಲಿ ನೂಲು ಮುಗ್ದಿದ್ದು ಕಾಣಲ್ಲ. ಇದು ಆಚೆ ಗೊತ್ತಾದ್ರೆ ನಾಳೆಯಿಂದ ಒಂದು ಸೀರೆ ಜಗಲಿಗೆ ಬರಲ್ಲ, ನನ್ನ ಮಗ್ಗದ ಮುಂದೆ ಕೂರೋಕೂ ಬಿಡಲ್ಲ. ಇವಳಿಗೂ ಹೇಳ್ಬೇಡ.”

ಆಪರೇಷನ್ ಮಾಡಿಸಬಹುದಲ್ಲ ಎಂದೆ. ಅವರ ಅಣ್ಣ ಪೊರೆ ತೆಗೆಸಲು ಹೋಗಿ, ಕಣ್ಣು ಕೀವಾಗಿ, ಇದ್ದ ಮಸುಕು ನೋಟವನ್ನೂ ಕಳೆದುಕೊಂಡು ಬಂದಿದ್ದರಂತೆ. ಆ ಮಾತು ಹೇಳುವಾಗ ಯಜಮಾನರು ಎರಡು ಕಣ್ಣನ್ನೂ ಅಂಗೈಯಿಂದ ಮುಚ್ಚಿಕೊಂಡರು. ಜಗಲಿಯ ಜಡ್ಜಿಗೆ ಅಷ್ಟು ಭಯವಿರಬಹುದೆಂದು ನಾನು ಎಣಿಸಿರಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕೊಟ್ಟಿದ್ದೇನೋ ಕೊಟ್ಟೆ, ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಅವರ ಹೆಂಡತಿ ಕಡಿಮೆ ಮಾತಿನ, ಹೆಚ್ಚು ಕೆಲಸದ ಹೆಂಗಸು. ಮಧ್ಯಾಹ್ನ ಕರೆಂಟು ಹೋದಾಗಲೆಲ್ಲ ನೇಯ್ದ ಸೀರೆಗಳನ್ನು ಮಡಿಸುತ್ತೇನೆಂದು ಕಿಟಕಿಯ ಪಕ್ಕ ಕೂತು ಗಂಟೆಗಟ್ಟಲೆ ಕಳೆಯುತ್ತಿದ್ದರು. ಒಂದು ಸೀರೆ ಮಡಿಸಲು ಅಷ್ಟು ಹೊತ್ತು ಬೇಕೇ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆಕೆ ಬಡಿಸುತ್ತಾ, ಈ ಯಂತ್ರ ಯಾಕೆ ಬೇಕಾಯಿತಂತೆ ಎಂದು ಕೇಳಿದರೆ, ನಾನು ಮುದ್ದೆಯನ್ನು ಗುಳುಕ್ಕನೆ ನುಂಗಿ, ವಿಜ್ಞಾನದ ಪ್ರಗತಿಯ ಬಗ್ಗೆ ಭಾಷಣ ಮಾಡುತ್ತಿದ್ದೆ. ಆಕೆ ಸುಮ್ಮನೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದರು.

ಎಲೆಕ್ಟ್ರಿಕ್ ಕಣ್ಣು ಕೆಲಸ ಮಾಡಿತು. ಮೊದಲ ಸಲ ನೂಲು ಮುಗಿದು, ಪಟ್ಟಿ ಮಿಂಚಿ, ಮಗ್ಗ ತಟ್ಟನೆ ನಿಂತಾಗ ನಾನು ಕುಣಿದಾಡಿದ್ದು ನಿಜ. ಪುಸ್ತಕದ ಒಂದು ಪ್ಯಾರಾ ನನ್ನ ಕಣ್ಣೆದುರಿಗೆ ಮಗ್ಗ ನಿಲ್ಲಿಸಿತ್ತು. ಬೀದಿಯವರು ನೋಡಲು ಬಂದರು. ಯಜಮಾನರು ಜಗಲಿಯಲ್ಲಿ ಕಾಲು ಮೇಲೆ ಕಾಲು ಹಾಕಿ, ನನಗೆ ಬೇಕಿರಲಿಲ್ಲ, ಮೇಷ್ಟ್ರಿಗೆ ಪ್ರಯೋಗ ಮಾಡಬೇಕಂತೆ, ಹುಡುಗನ ಆಸೆ ಎಂದು ಬಿಟ್ಟೆ ಎನ್ನುತ್ತಿದ್ದರು. ನನಗೆ ರೇಗಿತು. ಆದರೂ ಬಂದವರೆಲ್ಲ ನನ್ನನ್ನು ಇಂಜಿನಿಯರ್ ಎಂದು ಕರೆಯತೊಡಗಿದ್ದರಿಂದ ತಡೆದುಕೊಂಡೆ.

ಎರಡು ತಿಂಗಳು ಹೀಗೆ ಕಳೆಯಿತು. ಆಯುಧಪೂಜೆ ಬಂತು. ನೇಕಾರರ ಬೀದಿಯಲ್ಲಿ ಅದು ಮಗ್ಗದ ಹಬ್ಬ. ಮಗ್ಗ ತೊಳೆದು, ಹೂವು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಬಲ್ಬುಗಳಿಗೆಲ್ಲ ಕೆಂಪು, ಹಸಿರು ಜಿಲೆಟಿನ್ ಕಾಗದ ಸುತ್ತುತ್ತಾರೆ. ಹಬ್ಬ ಮುಗಿದ ಮೂರನೆಯ ದಿನ ಮಗ್ಗ ಹೂಡಿದರೆ ಎಲೆಕ್ಟ್ರಿಕ್ ಕಣ್ಣು ಕೆಲಸ ಮಾಡಲಿಲ್ಲ. ನೂಲು ಮುಗಿದರೂ ಮಗ್ಗ ತನ್ನ ಪಾಡಿಗೆ ಓಡಿತು. ಯಜಮಾನರಿಗೆ ಕಾಣಲಿಲ್ಲ, ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಂದಾಗ ಅವರ ಹೆಂಡತಿ ಸೀರೆ ಎತ್ತಿ ಹಿಡಿದು, ಮಧ್ಯದಲ್ಲಿ ಕಿಟಕಿ ಬಿದ್ದಿದೆ ಎಂದು ತೋರಿಸಿದರು. ಅಡ್ಡನೂಲೇ ಇಲ್ಲದ ಗೇಣಗಲದ ಜಾಗದಿಂದ ಆಕೆಯ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಎಲೆಕ್ಟ್ರಿಕ್ ಕಣ್ಣಿನ ದೀಪಕ್ಕೂ ಹಬ್ಬದ ಕೆಂಪು ಕಾಗದ ಸುತ್ತಿದ್ದರು. ದೀಪ ಉರಿಯುತ್ತಿತ್ತು. ಬೆಳಕು ಕಡಿಮೆಯಾಗಿರಬೇಕು ಎಂದುಕೊಂಡು ನಾನು ನಲವತ್ತು ವಾಟಿನ ಬಲ್ಬು ತೆಗೆದು ಅರವತ್ತರದ್ದು ಹಾಕಿದೆ. ಹಬ್ಬದ ಕಾಗದ ಯಾಕೆ ಕೀಳಬೇಕೆಂದು ಅದನ್ನೂ ಜೋಪಾನವಾಗಿ ಮತ್ತೆ ಸುತ್ತಿದೆ. ಆಗಲಿಲ್ಲ. ಮಾರನೆಯ ದಿನ ನೂರು ವಾಟಿನದು ತಂದೆ. ಆಗಲಿಲ್ಲ. ಆಶ್ಚರ್ಯವೆಂದರೆ ಕಾಗದ ಅಷ್ಟರಲ್ಲಿ ಎರಡು ಸುತ್ತಾಗಿತ್ತು. ಯಜಮಾನತಿಗೆ ಅಲಂಕಾರದ ಹುಚ್ಚು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮೂರನೆಯ ದಿನ ಇನ್ನೂರು ವಾಟಿನ ಬಲ್ಬನ್ನು ಅಂಗಡಿಯವನಿಂದ ಹುಡುಕಿಸಿ ತಂದು ಹಾಕಿದೆ. ಕಾಗದ ಕಂದಿ ಸುಟ್ಟ ವಾಸನೆ ಬಂತು, ಶೆಡ್ಡೆಲ್ಲ ಕುಲುಮೆಯ ಹಾಗೆ ಕೆಂಪಗಾಯಿತು, ಪೆಟ್ಟಿಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾನು ಪೆಟ್ಟಿಗೆಗೆ ಒಂದು ಒದೆ ಕೊಟ್ಟೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ತಗಡಿಗೆ ಒದೆಯುವುದನ್ನು ನೋಡಿ ಯಜಮಾನರ ಮುಖ ಬಿಳುಚಿಕೊಂಡಿತು. ಇನ್ನು ತನ್ನ ಗುಟ್ಟು ಉಳಿಯುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಆ ವಾರ ಜಗಲಿಗೆ ಬಂದ ಇಬ್ಬರನ್ನು ಮೈಗೆ ಸರಿಯಿಲ್ಲವೆಂದು ಹಾಗೇ ಕಳುಹಿಸಿದರು.

ನಾಲ್ಕನೆಯ ದಿನ ತರಗತಿಯಲ್ಲಿ ಸರದಿಯಂತೆ ದ್ಯುತಿವಿದ್ಯುತ್ ಪರಿಣಾಮದ ಪಾಠ. ಅಭ್ಯಾಸಬಲದಿಂದ ಮಾತು ಹರಿಯುತ್ತಿತ್ತು. ಹುಣಸೆಮರ ಬಂತು, ಅಕ್ಕಿಮೂಟೆ ಬಂತು, ಇನ್ನೊಂದು ಮೂಟೆ ತರುವವನು ಶತಮೂರ್ಖ ಎಂದೆ, ಎಲ್ಲರೂ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿ, ‘ಕೆಂಪು ಬೆಳಕಿನ ತೀವ್ರತೆಯನ್ನು ಎಷ್ಟು ಹೆಚ್ಚಿಸಿದರೂ’ ಎಂದು ಬರೆದೆ. ಅಲ್ಲಿಗೆ ಕೈ ನಿಂತಿತು.

ನಲವತ್ತು, ಅರವತ್ತು, ನೂರು, ಇನ್ನೂರು.

ಮುಂದಿನ ಬೆಂಚಿನ ಹುಡುಗಿ, ಸಾರ್, ನೀರು ಬೇಕಾ ಎಂದು ಕೇಳಿದಳು. ನಾನು ಸೀಮೆಸುಣ್ಣ ಕೆಳಗಿಟ್ಟು, ಉಳಿದದ್ದನ್ನು ನೀವೇ ಓದಿಕೊಳ್ಳಿ ಎಂದು ಹೇಳಿ ಹೊರಟುಬಿಟ್ಟೆ. ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಆ ಪಾಠವನ್ನು ಅಷ್ಟು ಚೆನ್ನಾಗಿ ಮಾಡಿ ಅಷ್ಟು ಚೆನ್ನಾಗಿ ಮರೆತವನು ನಾನೊಬ್ಬನೇ ಇರಬೇಕು ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮನೆಗೆ ಬಂದು ನೇರವಾಗಿ ಶೆಡ್ಡಿಗೆ ನುಗ್ಗಿದೆ. ಯಜಮಾನರು ಮಗ್ಗದ ಮುಂದಿದ್ದರು, ಅವರ ಹೆಂಡತಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕೆಂಪು ಕಾಗದ ಈಗ ಮೂರು ಸುತ್ತಾಗಿತ್ತು. ಅದನ್ನು ಪರಪರ ಹರಿದು ಎಸೆದು, ಹಳೆಯ ನಲವತ್ತರ ಬಲ್ಬು ಹಾಕಿ, ಖಾಲಿ ಕಂಡಿಕೆಯಿಟ್ಟು ಮಗ್ಗ ಓಡಿಸಿದೆ. ತಟ್ಟನೆ ನಿಂತಿತು. ಗೆದ್ದ ಜಂಬದಲ್ಲಿ ನಾನು ಆ ತಾಯಿಯ ಕಡೆ ತಿರುಗಿ ಒಂದು ಪಾಠವನ್ನೇ ಒದರಿದೆ: ಇದು ಹಳೆಯ ಕಾಲದ ಕೊಳವೆ, ಕೆಂಪು ಬೆಳಕಿಗೆ ಇದು ಕುರುಡು, ಕೆಂಪು ಕಾಗದ ಸುತ್ತಿ ಸೂರ್ಯನನ್ನೇ ತಂದಿಟ್ಟರೂ ಮಗ್ಗ ನಿಲ್ಲುವುದಿಲ್ಲ, ನಿಮ್ಮ ಅಲಂಕಾರದಿಂದ ಒಂದು ಸೀರೆ ಹಾಳಾಯಿತು, ನನ್ನ ಮೂರು ದಿನ ಹಾಳಾಯಿತು.

ಆಕೆ ನೂಲು ಸುತ್ತುವ ಕೈ ನಿಲ್ಲಿಸಿ ಗಂಡನ ಕಡೆ ನೋಡಿದರು. ಯಜಮಾನರು ಬಯಲಾದ ಬಲ್ಬಿನ ಬೆಳಕಿಗೆ ಮುಖ ತಿರುಗಿಸಿಕೊಂಡು, ಕಣ್ಣು ಕಿರಿದು ಮಾಡಿ ಕೂತಿದ್ದರು. ಆಗ ಸುಮ್ಮನಿದ್ದುಬಿಟ್ಟಿದ್ದರೆ ಅವರ ಗುಟ್ಟು ಉಳಿಯುತ್ತಿತ್ತು.

“ನಾನೇ ಸುತ್ತಿದ್ದು,” ಎಂದರು. “ಆ ಬಲ್ಬು ಕಣ್ಣಿಗೆ ಚುಚ್ತಿತ್ತು. ಬೆಳಕು ಬಿದ್ರೆ ಎಲ್ಲಾ ಮಜ್ಜಿಗೆ ಚೆಲ್ಲಿದಂಗೆ ಬೆಳ್ಳಗಾಗೋಗ್ತದೆ. ಮೇಷ್ಟ್ರು ದೊಡ್ಡ ಬಲ್ಬು ಹಾಕಿದಂಗೆಲ್ಲ ನಾನು ಇನ್ನೊಂದು ಸುತ್ತು ಸುತ್ತಿದೆ. ಅವಳನ್ನ ಬೈಬೇಡ.”

ಮೂರು ದಿನ ನಾನು ಬೆಳಕು ಹೆಚ್ಚಿಸುತ್ತಿದ್ದೆ, ಅವರು ಕಾಗದ ಹೆಚ್ಚಿಸುತ್ತಿದ್ದರು. ಇಬ್ಬರೂ ಸೇರಿ ಹುಣಸೆಮರಕ್ಕೆ ಅಕ್ಕಿ ಎಸೆದಿದ್ದೆವು. ನನಗೆ ನಗು ಬಂತು, ಯಜಮಾನರ ಮುಖ ನೋಡಿ ನುಂಗಿಕೊಂಡೆ. ಅವರು ಹೆಂಡತಿಯ ಮಾತಿಗೆ ಕಾಯುತ್ತಿದ್ದರು.

“ನಂಗೊತ್ತು,” ಎಂದರು ಆಕೆ. “ಎರಡು ವರ್ಷದಿಂದ ಗೊತ್ತು. ಚಿತ್ರಾನ್ನದಾಗಿನ ಮೆಣಸಿನಕಾಯಿ ಆರಿಸಿ ಎಸೀತಿದ್ದೋರು ಅಗಿದು ಅಗಿದು ತಿಂತಿದ್ರಿ. ಖಾರ ಅಂತ ಹೇಳಾಕೂ ಬಿಂಕ.”

ಆಕೆ ಎದ್ದು, ಹರಿದ ಕಾಗದದ ಚೂರುಗಳನ್ನು ಗುಡಿಸುತ್ತಾ, ನಿಮ್ಮಣ್ಣನಿಗೆ ಆದದ್ದು ನಿಮಗೂ ಆಗಬೇಕೆಂದೇನೂ ಇಲ್ಲ, ನಾನು ಜೊತೆಗೆ ಬರುತ್ತೇನೆ, ಮೇಷ್ಟ್ರೂ ಬರುತ್ತಾರೆ ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ. ಬೈದ ತಪ್ಪಿಗೆ ನಾನು ಎಲ್ಲಿಗೆ ಬೇಕಾದರೂ ಹೋಗಲು ಸಿದ್ಧನಿದ್ದೆ.

ಬೆಂಗಳೂರಿನಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ಒಳಗೆ ಕರೆದುಕೊಂಡು ಹೋಗುವಾಗ ಯಜಮಾನರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳು ನೀಲಿಗಟ್ಟಿದವು. ಪಟ್ಟಿ ಬಿಚ್ಚುವವರೆಗೆ ನನಗೂ ಅನ್ನ ಸೇರಲಿಲ್ಲ. ಎಲೆಕ್ಟ್ರಾನು, ಕೊಳವೆ ಎಂದು ಹಾರಾಡಿ, ಕೊನೆಗೆ ಒಬ್ಬರ ಕಣ್ಣಿಗೇ ಕೇಡು ತಂದೆನೋ ಎಂದು ಹೆದರಿದ್ದೆ. ಹಾಗೇನೂ ಆಗಲಿಲ್ಲ. ಕೆಲವು ವಾರಗಳ ಮೇಲೆ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡರೆ ನಮಗೆ ಯಜಮಾನರ ಕಣ್ಣು ಕೋಡುಬಳೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅವರಿಗೆ ಜಗತ್ತೆಲ್ಲ ಅದೇ ಅಳತೆಯಲ್ಲಿ ಕಾಣುತ್ತಿತ್ತಂತೆ.

ಕನ್ನಡಕ ಬಂದ ದಿನ ಅವರು ಮೊದಲು ತೆಗೆಸಿದ್ದು ಬೀರುವಿನಲ್ಲಿದ್ದ ‘ಕಪ್ಪು’ ಸೀರೆಯನ್ನು. ಜಗಲಿಗೆ ತಂದು, ಬಿಸಿಲಿಗೆ ಹಿಡಿದು, ಮಗುಚಿ ಮಗುಚಿ ನೋಡಿದರು. ಹಳೆಯ ಪೊರೆ ಕಂದು ಬಣ್ಣಕ್ಕೆ ತಿರುಗಿ ನೀಲಿ, ನೇರಳೆಯನ್ನೆಲ್ಲ ತಡೆದುಬಿಡುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ದೀಪಕ್ಕೆ ಕಾಗದ ಸುತ್ತುವ ಮೊದಲೇ ಇವರ ಕಣ್ಣಿಗೆ ಅಂಥದ್ದೊಂದು ಸುತ್ತಿಕೊಂಡಿತ್ತು. ನೇರಳೆ, ಎಂದು ಯಜಮಾನರು ಮೆಲ್ಲಗೆ ಅಂದರು. ಆ ಬಣ್ಣದವನ ಕ್ಷಮೆ ಕೇಳಬೇಕು ಎಂದರು. ಅವರ ಬಾಯಿಂದ ಕ್ಷಮೆ ಎಂಬ ಪದ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಅಭ್ಯಾಸದಂತೆ ಬಟ್ಟೆಯ ಮೇಲೆ ಬೆರಳಾಡಿಸತೊಡಗಿದರು. ಒಂದು ಕಡೆ ಬೆರಳು ನಿಂತಿತು. ಮುಂದೆ ಸರಿಯಿತು, ಮತ್ತೆ ನಿಂತಿತು. ಕನ್ನಡಕವನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ತಂದರು. ಎಳೆ ತಪ್ಪಿದ ಜಾಗಗಳಲ್ಲಿ ಯಾರೋ ಸೂಜಿಯಿಂದ ಒಂದೊಂದೇ ಎಳೆ ತೂರಿಸಿ, ಮಗ್ಗವೇ ನೇಯ್ದಿತೆನ್ನುವಷ್ಟು ನಾಜೂಕಾಗಿ ತುಂಬಿದ್ದರು. ಇನ್ನೊಂದು ಸೀರೆ ತರಿಸಿದರು. ಅದರಲ್ಲೂ ಇತ್ತು. ಮೂರನೆಯದರಲ್ಲಿ ಇನ್ನೂ ಹೆಚ್ಚಿತ್ತು. ಮಧ್ಯಾಹ್ನದ ಹೊತ್ತು ಕಿಟಕಿಯ ಪಕ್ಕದಲ್ಲಿ ನಡೆಯುತ್ತಿದ್ದ ಆ ‘ಮಡಿಸುವ’ ಕೆಲಸ ನನಗೆ ಆಗ ಅರ್ಥವಾಯಿತು. ಎರಡು ವರ್ಷ ಬೀದಿಯಲ್ಲಿ ಇವರ ಸೀರೆಗೆ ತಪ್ಪೇ ಇಲ್ಲ ಎಂಬ ಹೆಸರು ಉಳಿದಿದ್ದು ಆ ಸೂಜಿಯಿಂದ.

ಬಾಗಿಲಲ್ಲಿ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಯಜಮಾನರು ಸೀರೆಯಿಂದ ತಲೆ ಎತ್ತಲಿಲ್ಲ.

“ಇಲ್ಲಿ ಒಂದೆಳೆ ಬಿಗಿ ಆಗೈತೆ,” ಎಂದರು.

“ಅಷ್ಟು ದೊಡ್ಡ ಗಾಜು ಹಾಕ್ಕಂಡು ನೋಡಿದ್ರೆ ಬಿಗಿಯಾಗೇ ಕಾಣ್ತದೆ,” ಎಂದರು ಆಕೆ.

ಯಜಮಾನರು ಕನ್ನಡಕ ತೆಗೆದು, ಆ ಸೀರೆಯ ಸೆರಗಿನಿಂದಲೇ ಕಣ್ಣೊರೆಸಿಕೊಳ್ಳಲು ಹೋದರು. ಡಾಕ್ಟರು ಇನ್ನೂ ಕಣ್ಣು ಉಜ್ಜಬಾರದು ಅಂದಿದ್ದಾರೆ ಎಂದು ಗದರಿ, ಆಕೆ ಬಂದು ಸೀರೆಯನ್ನು ಕಿತ್ತುಕೊಂಡು, ತಮ್ಮ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದರು.